ಗಣಕೋತ್ಥಾನ ಮೀಮಾಂಸೆ

ಆಷಾಢ ಶುಕ್ಲ ಏಕಾದಶಿಯಂದು ಮಲಗಿದ ಮಹಾವಿಷ್ಣು ಕಾರ್ತಿಕದ ಉತ್ಥಾನ ದ್ವಾದಶಿಯವರೆಗೆ ಏಳುವುದಿಲ್ಲ ಎಂಬುದು ಪಂಚಾಂಗ ನೋಡುವವರಿಗೆಲ್ಲ ಗೊತ್ತು. ಅದೇ ಅವಧಿಯಲ್ಲಿ ನಮ್ಮ ಸೀಮೆಯ ಮನೆಗಳ ಕಂಪ್ಯೂಟರುಗಳೂ ಏಳುವುದಿಲ್ಲ ಎಂಬುದನ್ನು ಮಾತ್ರ ಯಾವ ಪಂಚಾಂಗಕರ್ತರೂ ಬರೆದಿಟ್ಟಿಲ್ಲ. ಈ ಕೊರತೆಯನ್ನು ತುಂಬಲೆಂದು, ಸೋಗಾನೆಯ ನಮ್ಮ ಮನೆಯ ನಡುಮನೆಯಲ್ಲಿ ಸ್ಟೂಲಿನ ಮೇಲೆ ಕೂತು, ಸ್ಕ್ರೂಡ್ರೈವರನ್ನು ಕಿವಿಗೆ ಸಿಕ್ಕಿಸಿಕೊಂಡು ಈ ಪ್ರಬಂಧವನ್ನು ರಚಿಸಿದ್ದೇವೆ. ಹಸ್ತಪ್ರತಿ ನಿಜವಾಗಿಯೂ ಹಸ್ತಪ್ರತಿಯೇ. ಕಾರಣ ಹೇಳಬೇಕಾಗಿಲ್ಲ.

ಪೂರ್ವಪಕ್ಷದವರು ಎದ್ದು ನಿಂತು, ‘ಅದು ಮಳೆಗಾಲದ ಥಂಡಿ ಸ್ವಾಮಿ, ದೇವರ ನಿದ್ದೆಗೂ ಅದಕ್ಕೂ ಏನು ಸಂಬಂಧ?’ ಎನ್ನುತ್ತಾರೆ. ಅವರಿಗೆ ನಮ್ಮ ಉತ್ತರ: 2024ರಲ್ಲಿ ಶಯನೀ ಏಕಾದಶಿ ಬಂದದ್ದು ಜುಲೈ 17ಕ್ಕೆ. ಸರಿಯಾಗಿ ಎರಡೇ ದಿನಕ್ಕೆ, ಜುಲೈ 19ರಂದು, ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ತಪ್ಪು ಅಪ್‌ಡೇಟ್ ಒಂದರಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ಹೊದ್ದು ಮಲಗಿಬಿಟ್ಟವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಡುವ ಹಾಗಾಯಿತು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಅಮೆರಿಕದಲ್ಲಿ ಆಷಾಢ ಇಲ್ಲವಲ್ಲ ಎಂದು ಕೇಳುವವರು ಮೊದಲು ತಿಥಿನಿರ್ಣಯ ಓದಿಕೊಂಡು ಬರಬೇಕು.

ಇನ್ನು ಪದವಿಚಾರ. ‘ಬೂಟ್ ಆಗುವುದು’ ಎಂಬ ಮಾತಿನ ಮೂಲ, ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ಮೇಲೇಳುವುದು. ಬರಿಗಾಲಲ್ಲಿ ಗದ್ದೆಗೆ ಇಳಿಯುವ ನಮಗೆ ಇದು ತನ್ನ ಜುಟ್ಟು ತಾನೇ ಹಿಡಿದು ಬಾವಿಯಿಂದ ಮೇಲೆ ಬಂದಂತೆ. ಕಂಪ್ಯೂಟರಿನ ಸಂಕಟವೂ ಅದೇ. ಡಿಸ್ಕಿನಲ್ಲಿರುವ ಪ್ರೋಗ್ರಾಮನ್ನು ಮೆಮೊರಿಗೆ ತರಲು ಒಂದು ಪ್ರೋಗ್ರಾಮು ಬೇಕು, ಆ ಪ್ರೋಗ್ರಾಮನ್ನು ತರಲು ಇನ್ನೊಂದು ಬೇಕು. ತರ್ಕದಲ್ಲಿ ಇದಕ್ಕೆ ಅನವಸ್ಥಾ ದೋಷ ಎನ್ನುತ್ತಾರೆ. ಮದರ್‌ಬೋರ್ಡಿನ ಚಿಪ್ಪಿನಲ್ಲಿ ಮೊದಲೇ ಬರೆದಿಟ್ಟ ಬಯಾಸ್ ಎಂಬ ಪ್ರೋಗ್ರಾಮು ಈ ದೋಷವನ್ನು ಪರಿಹರಿಸುತ್ತದೆ. ಅದು ಮೊದಲು ತನ್ನ ಅಂಗಾಂಗಗಳನ್ನು ತಾನೇ ಮುಟ್ಟಿ ನೋಡಿಕೊಳ್ಳುತ್ತದೆ. ಸಂಧ್ಯಾವಂದನೆಯ ಅಂಗನ್ಯಾಸಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಒಂದು ಅಂಗ ಸಿಗದಿದ್ದರೂ ಇದು ಮುಂದಿನ ಮಂತ್ರಕ್ಕೆ ಹೋಗುವುದಿಲ್ಲ.

ನಮ್ಮ ಅಧ್ಯಯನದ ಆಕರ, ವಿಂಡೋಸ್ 7 ಬಂದ 2009ರಲ್ಲಿ ಶಿವಮೊಗ್ಗದಲ್ಲಿ ಅಸೆಂಬಲ್ ಮಾಡಿಸಿದ ಒಂದು ಯಂತ್ರ. ಅದರ ಮೇಲೆ ಕಸೂತಿ ಬಟ್ಟೆ, ಬಟ್ಟೆಯ ಮೇಲೆ ಗಣಪತಿ. ಪ್ರತ್ಯಕ್ಷ ಪ್ರಮಾಣದಿಂದ ತಿಳಿದದ್ದು: ಬಟನ್ ಒತ್ತಿದರೆ ಹಸಿರು ದೀಪ ಹತ್ತುತ್ತದೆ, ಫ್ಯಾನು ತಿರುಗುತ್ತದೆ, ಮಾನಿಟರಿನಲ್ಲಿ ಏನೂ ಇಲ್ಲ. ‘ಏನೂ ಇಲ್ಲ’ ಎಂಬ ಅರಿವೇ ಒಂದು ಪ್ರತ್ಯೇಕ ಪ್ರಮಾಣ, ಅದರ ಹೆಸರು ಅನುಪಲಬ್ಧಿ ಎಂದು ಮೀಮಾಂಸಕರಲ್ಲಿ ಕುಮಾರಿಲ ಭಟ್ಟನ ಪಂಥ ಹೇಳುತ್ತದೆ. ಪ್ರಭಾಕರನ ಪಂಥ ಒಪ್ಪುವುದಿಲ್ಲ. ನಾವು ಭಾಟ್ಟರು. ನಮ್ಮ ಮನೆಯವಳು ಪ್ರಾಭಾಕರಳು. ‘ಎಂತದೂ ಕಾಣ್ತಿಲ್ಲ ಅಂದ್ರೆ ಎಂತದೂ ಕಾಣ್ತಿಲ್ಲ, ಅಷ್ಟೇ. ಅದನ್ನ ಅರ್ಧ ಗಂಟೆ ನೋಡೋದೆಂತಕ್ಕೆ?’ ಎಂದಳು.

ಅನುಮಾನ ಪ್ರಮಾಣಕ್ಕೆ ಹೊಗೆ ಬೇಕು. ಹೋದ ವರ್ಷ ಯಂತ್ರಕ್ಕೆ ಕರೆಂಟು ಕೊಡುವ ಎಸ್‌ಎಂಪಿಎಸ್‌ನಿಂದ ಹೊಗೆ ಬಂದಿತ್ತು. ಒಳಗೆ ಹಲ್ಲಿ ಸುಟ್ಟಿತ್ತು. ಈ ಸಲ ಹೊಗೆ ಇಲ್ಲವಾದ್ದರಿಂದ ಆ ಅಧ್ಯಾಯವನ್ನು ಕೈಬಿಟ್ಟಿದ್ದೇವೆ.

ಉಳಿದದ್ದು ಶಬ್ದ ಪ್ರಮಾಣ, ಮತ್ತು ನಮ್ಮ ಸಂಶೋಧನೆಯ ತಿರುಳು ಇಲ್ಲಿದೆ. ಪರದೆಯಲ್ಲಿ ಬರೆಯಲಾಗದ ಕಂಪ್ಯೂಟರು ಕೂಗಿ ಹೇಳುತ್ತದೆ. ಕುಕ್ಕರಿನ ಕೂಗು ಎಣಿಸಿ ಪಳಗಿದ ಮನೆಯವಳು ಅಡುಗೆಮನೆಯಿಂದಲೇ ಲೆಕ್ಕ ಕೊಟ್ಟಳು: ‘ಉದ್ದ. ಮತ್ತೂ ಉದ್ದ. ಮತ್ತೂ ಉದ್ದ.’ ತಕ್ಷಣ ನಮಗೆ ಹೊಳೆಯಿತು: ಇದು ಛಂದಸ್ಸು! ಉದ್ದ ಕೂಗು ಗುರು, ಗಿಡ್ಡ ಕೂಗು ಲಘು. ಬರೀ ಒಂದು ಲಘು ಬಂದರೆ ಸಾಮಾನ್ಯವಾಗಿ ಎಲ್ಲವೂ ಕ್ಷೇಮ. ಒಂದು ಗುರು ಎರಡು ಲಘು, ಅಂದರೆ ಭಗಣ ಬಂದರೆ, ಅವಾರ್ಡ್ ಎಂಬ ಬಯಾಸಿನಲ್ಲಿ ಡಿಸ್‌ಪ್ಲೇ ಕಾರ್ಡಿನ ತೊಂದರೆ. ಗುರುಗಳೇ ಸಾಲಾಗಿ ಬಂದರೆ, ಅಂದರೆ ಮಗಣದ ಮೇಲೆ ಮಗಣ, ರ‍್ಯಾಮಿನ ತೊಂದರೆ. ಬೇರೆ ಕಂಪನಿಯ ಬಯಾಸುಗಳಲ್ಲಿ ಅರ್ಥ ಬೇರೆ. ಅದು ಶಾಖಾಭೇದ, ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಇಷ್ಟು ವರ್ಷ ಈ ಯಂತ್ರವನ್ನು ಕನ್ನಡದಲ್ಲಿ ಗಣಕ ಎಂದು ಯಾಕೆ ಕರೆಯುತ್ತಿದ್ದೆವೆಂದು ನಮಗೆ ಅರ್ಥವಾದದ್ದು ಆ ಗಳಿಗೆಯಲ್ಲಿ. ಗಣಿತಕ್ಕೂ ಆ ಹೆಸರಿಗೂ ನಂಟು ಹೇಳುವವರನ್ನು ನಾವು ಇನ್ನು ಮುಂದೆ ಗಂಭೀರವಾಗಿ ಪರಿಗಣಿಸುವುದಿಲ್ಲ.

ಮಗಣದೋಷಕ್ಕೆ ಪರಿಹಾರವೇನು? ಇಲ್ಲಿ ಮೂರು ಮತಗಳಿವೆ. ಕ್ಯಾಬಿನೆಟ್ಟಿನ ಪಕ್ಕಕ್ಕೆ ಅಂಗೈಯಿಂದ ಎರಡು ಬಾರಿಸು ಎನ್ನುವುದು ಗುದ್ದುವಾದ. ಇದು ಹಳೆಯ ಟಿ.ವಿ. ಕಾಲದಿಂದ ಬಂದದ್ದು, ಅನುಯಾಯಿಗಳು ಬಹಳ. ಎಲ್ಲವನ್ನೂ ಫಾರ್ಮ್ಯಾಟ್ ಮಾಡು ಎನ್ನುವುದು ಪ್ರಳಯವಾದ. ಶಿವಮೊಗ್ಗದ ಅಂಗಡಿಗೆ ಫೋನು ಮಾಡಿದರೆ ಕೇಳಿಬರುವುದು ಇದೇ, ಯಂತ್ರ ನೋಡುವ ಮೊದಲೇ. ಮೂರನೆಯದು ರಬ್ಬರುವಾದ. ನಾವು ಇದನ್ನೇ ಹಿಡಿದೆವು. ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಲೋಹ ಮುಟ್ಟಿ ಮೈಯ ಕರೆಂಟು ಕಳೆದು, ರ‍್ಯಾಮಿನ ಎರಡೂ ತುದಿಯ ಕೊಂಡಿ ಬಿಡಿಸಿ ಹೊರಗೆ ತೆಗೆದರೆ, ಅದರ ಅಂಚಿನ ಬಂಗಾರ ಬಣ್ಣದ ಸಣ್ಣ ಸಣ್ಣ ಪಟ್ಟಿಗಳ ಮೇಲೆ ಮಂಕು ಹಿಡಿದಿತ್ತು, ಪೆಟ್ಟಿಗೆಯಲ್ಲಿಟ್ಟು ಮರೆತ ಬಳೆಯ ಹಾಗೆ. ಮಗಳ ಕಂಪಾಸ್ ಬಾಕ್ಸಿನ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ಮತ್ತೆ ಕೂರಿಸಿ ಒತ್ತಿದೆವು. ಕೊಂಡಿಗಳು ‘ಟಕ್’ ಅಂದವು. ಬಟನ್ ಒತ್ತಿದರೆ ಒಂದೇ ಒಂದು ಲಘು.

ಪರದೆಯಲ್ಲಿ ಅಕ್ಷರಗಳೂ ಮೂಡಿದವು. ಇಂಗ್ಲಿಷಿನಲ್ಲಿದ್ದ ಆ ವಾಕ್ಯದ ತಾತ್ಪರ್ಯ: ‘ಕೀಬೋರ್ಡ್ ಇಲ್ಲ. ಮುಂದುವರಿಯಲು ಎಫ್1 ಕೀಲಿ ಒತ್ತಿರಿ.’ ನ್ಯಾಯಶಾಸ್ತ್ರದಲ್ಲಿ ವದತೋ ವ್ಯಾಘಾತ ಎಂಬ ದೋಷವಿದೆ: ಹೇಳುವ ಬಾಯಲ್ಲೇ ಹೇಳಿದ್ದನ್ನು ಮುರಿಯುವುದು. ‘ನಮ್ಮ ತಾಯಿ ಬಂಜೆ’ ಎನ್ನುವುದು ಅದಕ್ಕೆ ಹಳೆಯ ಉದಾಹರಣೆ. ಇನ್ನು ಮುಂದೆ ಪಾಠಶಾಲೆಗಳಲ್ಲಿ ಇದನ್ನೇ ಕೊಡಬಹುದು. ರಬ್ಬರುಕರ್ಮದ ಗಡಿಬಿಡಿಯಲ್ಲಿ ಕೀಬೋರ್ಡಿನ ವೈರು ಕಿತ್ತುಬಂದಿತ್ತು ಎಂಬುದು ಬೇರೆ ವಿಷಯ.

ವೈರು ಸಿಕ್ಕಿಸಿದ ಮೇಲೆ ಮತ್ತೊಂದು ಕರಿ ಪರದೆ. ದಿನಾಂಕ ತಪ್ಪಿದೆ, ಎಫ್1 ಒತ್ತಿ. ಒತ್ತಿದೆವು. ವಿಂಡೋಸ್ ಬಂತು. ಮೂಲೆಯ ಗಡಿಯಾರದಲ್ಲಿ 2009ರ ಜನವರಿ 1. ಇಂಟರ್ನೆಟ್ ತೆರೆದರೆ ಒಂದು ಜಾಲತಾಣವೂ ಒಳಗೆ ಬಿಡಲೊಲ್ಲದು, ಏಕೆಂದರೆ ಅವುಗಳ ಭದ್ರತಾ ಪ್ರಮಾಣಪತ್ರಗಳು ಆ ದಿನಕ್ಕೆ ಇನ್ನೂ ಹುಟ್ಟಿಯೇ ಇರಲಿಲ್ಲ. ಅಷ್ಟರಲ್ಲಿ ಬೆಂಗಳೂರಿನ ವಿಮಾನ ಮನೆಯ ಹೆಂಚು ನಡುಗಿಸುತ್ತ ಇಳಿಯಿತು. ನಮ್ಮ ಕಂಪ್ಯೂಟರಿನ ಪಾಲಿಗೆ ಆ ವಿಮಾನವೂ ಇಲ್ಲ. ಸೋಗಾನೆಯ ನಿಲ್ದಾಣಕ್ಕೆ ಶಂಕುಸ್ಥಾಪನೆಯಾದದ್ದು 2008ರಲ್ಲಿ, ಉದ್ಘಾಟನೆ 2023ರ ಫೆಬ್ರವರಿ 27ಕ್ಕೆ, ಮೊದಲ ಪ್ರಯಾಣಿಕ ವಿಮಾನ ಅದೇ ವರ್ಷದ ಆಗಸ್ಟ್ 31ಕ್ಕೆ. ಬಟನ್ ಒತ್ತಿ 15 ವರ್ಷಕ್ಕೆ ಪರದೆ ಬೆಳಗಿತು, ಅದಾಗಿ ಆರು ತಿಂಗಳಿಗೆ ಕರ್ಸರು ಬಂತು. ಉಪಮಾನ ಪ್ರಮಾಣದಿಂದ ನೋಡಿದರೆ ನಮ್ಮ ಯಂತ್ರ ಊರಿನ ಮಟ್ಟಿಗೆ ಚುರುಕೇ.

ಉಪಮಾನವನ್ನು ಇನ್ನೂ ಮುಂದಕ್ಕೆ ಒಯ್ದವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತರಾದ ನಮ್ಮ ಭಾವ. 1923ರಲ್ಲಿ ಇದ್ದಿಲಿನಿಂದ ಅದಿರು ಕರಗಿಸಲು ಶುರು ಮಾಡಿದ ಕಾರ್ಖಾನೆ ಅದು. ‘ಆರಿಸೋದೆಂತಕ್ಕೆ ಮಾರಾಯ? ಊದುಕುಲುಮೆನ ಹೇಳದೆ ಕೇಳದೆ ಆರಿಸಿದ್ರೆ ಒಳಗಿರೋ ಕಬ್ಬಿಣ ಅಲ್ಲೇ ಹೆಪ್ಪುಗಟ್ಟುತ್ತೆ. ಇದೂ ಹಂಗೇ. ಹಗಲು ರಾತ್ರಿ ಉರೀತಿರ್ಲಿ ಬಿಡು’ ಎಂದರು. ನಾವು ನಕ್ಕೆವು. ಆದರೆ ದಿನಾಂಕ ತಿದ್ದಿ, ಗೋಡೆಯ ಸ್ವಿಚ್ ಆರಿಸದೆ ಬಿಟ್ಟ ಒಂದು ರಾತ್ರಿ ಕಳೆದು ನೋಡಿದರೆ ಅದು ಸರಿಯಾಗಿಯೇ ಇತ್ತು!

ಆಗ ಕೆಲಸಕ್ಕೆ ಬಂದದ್ದು ಅರ್ಥಾಪತ್ತಿ. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲ, ಹಾಗಾದರೆ ರಾತ್ರಿ ಉಣ್ಣುತ್ತಾನೆ. ಸ್ವಿಚ್ ಹಾಕಿಯೇ ಇದ್ದರೆ ದಿನಾಂಕ ನೆನಪಿರುವ ಯಂತ್ರ ಸ್ವಿಚ್ ಆರಿಸಿದರೆ ಮರೆಯುತ್ತದೆ, ಹಾಗಾದರೆ ಕರೆಂಟಿಲ್ಲದಾಗ ಗಡಿಯಾರಕ್ಕೆ ಉಣ್ಣಿಸಬೇಕಾದವನು ಸತ್ತಿದ್ದಾನೆ. ಅವನು ಮದರ್‌ಬೋರ್ಡಿನ ಮೂಲೆಯಲ್ಲಿ ಸಿಕ್ಕ, ರೂಪಾಯಿ ನಾಣ್ಯದಂಥ ಗುಂಡು ಬ್ಯಾಟರಿ. ಮೈಮೇಲೆ ಸಿಆರ್2032 ಎಂಬ ಶಾಸನ. 20 ಎಂದರೆ ಅಗಲ 20 ಮಿಲಿಮೀಟರ್, 32 ಎಂದರೆ ದಪ್ಪ 3.2 ಮಿಲಿಮೀಟರ್, ವಿದ್ಯುತ್ ಒತ್ತಡ 3 ವೋಲ್ಟ್. ಸೋಗಾನೆಯ ರನ್‌ವೇ ಉದ್ದ 3.2 ಕಿಲೋಮೀಟರ್. ಅಂದರೆ ಸರಿಯಾಗಿ ಹತ್ತು ಲಕ್ಷ ಬ್ಯಾಟರಿಗಳ ದಪ್ಪ! ಇದು ಕಾಕತಾಳೀಯ ಎನ್ನುವವರಿಗೆ ಪ್ರತ್ಯೇಕ ಸಂಪುಟದಲ್ಲಿ ಉತ್ತರಿಸಲಾಗುವುದು.

ಬ್ಯಾಟರಿ ತಂದವಳು ಮನೆಯವಳು, ತರಕಾರಿ ಚೀಲದಲ್ಲಿ, ಕೊತ್ತಂಬರಿ ಕಟ್ಟಿನ ಕೆಳಗೆ. ಓದುಗರಲ್ಲಿ ಒಂದು ಅರಿಕೆ: ಅಂಗಡಿಯಲ್ಲಿ ಬರೀ ‘ಗುಂಡು ಸೆಲ್’ ಎಂದು ಕೇಳಬೇಡಿ, 2025 ಕೊಟ್ಟುಬಿಡುತ್ತಾರೆ. ಅದರ ದಪ್ಪ ಎರಡೂವರೆ ಮಿಲಿಮೀಟರ್ ಮಾತ್ರ, ಗೂಡಿನಲ್ಲಿ ಸಡಿಲ ಕೂರುತ್ತದೆ. 2032 ಎಂದು ಚೀಟಿಯಲ್ಲಿ ಬರೆದುಕೊಂಡೇ ಹೋಗಿ.