ಡ್ರಾಯಿಂಗ್ ಸಾರ್

ಮಾರಿಕುಪ್ಪಂನಿಂದ ಬಂಗಾರಪೇಟೆಗೆ ಬರುವ ರೈಲಿನಲ್ಲಿ ಯಾರಾದರೂ ಕಂಕುಳಲ್ಲಿ ಉದ್ದನೆಯ ಪೇಪರ್ ಸುರುಳಿ ಅವುಚಿಕೊಂಡು, ಪಕ್ಕದವರ ಮೊಣಕೈಯನ್ನೇ ಗುಮಾನಿಯಿಂದ ನೋಡುತ್ತ ಕೂತಿದ್ದರೆ ಅವರೇ ಡ್ರಾಯಿಂಗ್ ಸಾರ್ ಎಂದು ತಿಳಿಯಿರಿ. ಹೆಸರು ಏನೇ ಇರಲಿ, ಬೆಮೆಲ್‌ನಲ್ಲಿ ಬುಲ್‌ಡೋಜರಿನ ಬಿಡಿಭಾಗಗಳ ನಕ್ಷೆ ಬರೆದು ರಿಟೈರಾದ ಜೀವ. 1964ರಲ್ಲಿ ಹುಟ್ಟಿದ ಆ ಕಂಪನಿಯ ಮಾತು ಬಂದರೆ, ತೊಟ್ಟಿಲು ತೂಗಿದವರ ಧಾಟಿಯಲ್ಲಿ ಮಾತಾಡುತ್ತಾರೆ. ಅವರಪ್ಪ ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಆಳದ ಗಣಿಗೆ ಇಳಿದವರು. "ಅಷ್ಟು ಕೆಳಗೆ ಹೋಗಿ ದಾರಿ ತಪ್ಪಲಿಲ್ಲ. ಯಾಕೆ? ಪ್ಲಾನು ಕೈಯಲ್ಲಿ ಬರೆದಿದ್ದು!" 2001ರಲ್ಲಿ ಗಣಿ ಮುಚ್ಚಿತಲ್ಲ ಸಾರ್ ಎಂದರೆ, "ಅದು ಡ್ರಾಯಿಂಗ್ ತಪ್ಪಿ ಅಲ್ಲ" ಎಂದು ಮಾತು ಮುಗಿಸುತ್ತಾರೆ.

ರಿಟೈರಾದ ಮೇಲೆ ಕೆಲಸ ಜಾಸ್ತಿಯಾಯಿತು. ಮಗಳ ಮನೆಯ ದೇವರ ಕೋಣೆಗೆ ಜಾಲರಿ, ಚರ್ಚಿಗೆ ಕ್ರಿಸ್‌ಮಸ್ ನಕ್ಷತ್ರ, ಈಗ ಬೀದಿಯ ಮುರುಗನ ಗುಡಿಗೆ ಏಳಡಿ ಪ್ರಭಾವಳಿ. ಟ್ರೇಸಿಂಗ್ ಪೇಪರಿನ ಮೇಲೆ ಟೂ ಎಚ್ ಪೆನ್ಸಿಲ್ಲು, ಫ್ರೆಂಚ್ ಕರ್ವು ಹಿಡಿದು ಬಳ್ಳಿ, ಎಲೆ, ನವಿಲು ಎಲ್ಲ ಬರೆದಿದ್ದಾರೆ. ಆದರೆ ಅರ್ಧ ಮಾತ್ರ. ನಡುವೆ ಉದ್ದಕ್ಕೆ ತುಂಡುತುಂಡಾದ ಸೆಂಟರ್ ಲೈನು. ಎರಡೂ ಕಡೆ ಒಂದೇ ಥರ ಇರುವುದನ್ನು ಎರಡು ಸಲ ಬರೆಯುವವರನ್ನು ಅವರ ಆಫೀಸಿನಲ್ಲಿ ದಡ್ಡರೆನ್ನುತ್ತಿದ್ದರಂತೆ.

ಬಂಗಾರಪೇಟೆಯ ಸಿಎನ್‌ಸಿ ಅಂಗಡಿಯ ಹುಡುಗ ಹಾಳೆಯನ್ನು ನೆಲದ ಮೇಲೆ ಹಾಸಿ, ಕುರ್ಚಿ ಹತ್ತಿ, ಮೊಬೈಲಿನಲ್ಲಿ ಒಂದು ಫೋಟೋ ಹೊಡೆದ. ಐದೇ ಸೆಕೆಂಡು. ಸಾರ್‌ಗೆ ಅವಮಾನವಾದದ್ದು ಆ ಐದು ಸೆಕೆಂಡಿಗೆ.

"ತಂಬಿ, ಮೇಲೊಂದು, ಕೆಳಗೊಂದು ಸಾವಿರ ಮಿಲಿಮೀಟರ್ ಗೆರೆ ಹಾಕಿದ್ದೀನಿ. ಮೊದಲು ಅದನ್ನ ಅಳೆ."

ಹುಡುಗ ಸ್ಕ್ರೀನಿನಲ್ಲಿ ಅಳೆದ. ಮೇಲಿನದು ಸಾವಿರ, ಕೆಳಗಿನದು ಸಾವಿರದ ಹದಿಮೂರು. ಮೊಬೈಲು ಒಂಚೂರು ವಾಲಿದ್ದಕ್ಕೆ ಮುರುಗನ ಬುಡ ದಪ್ಪವಾಗಿತ್ತು. ಸಾರ್ ಮುಖದಲ್ಲಿ ಇನ್‌ಕ್ರಿಮೆಂಟ್ ಬಂದ ಕಳೆ. ಮೂಲೆಗಳಲ್ಲಿ ತಾವು ಮೊದಲೇ ಹಾಕಿಟ್ಟಿದ್ದ ನಾಲ್ಕು ಪ್ಲಸ್ ಗುರುತು ತೋರಿಸಿ, ಚಿತ್ರವನ್ನು ಅದಕ್ಕೆ ಎಳೆದು ಕೂರಿಸುವಂತೆ ಅಪ್ಪಣೆ ಕೊಟ್ಟರು. ಟ್ರೇಸಿಂಗ್ ಪೇಪರೂ ತೇವಕ್ಕೆ ಹಿಗ್ಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಇಂಥ ಹೊತ್ತಿನಲ್ಲಿ ಅದು ನೆನಪಿಗೆ ಬರುವುದಿಲ್ಲ.

ಆಮೇಲೆ ಹುಡುಗ ಆಟೋ ಟ್ರೇಸ್ ಒತ್ತಿದ. ನಾವು ಒಂದು ಗೆರೆ ಎನ್ನುವುದಕ್ಕೆ ಕಂಪ್ಯೂಟರಿನ ಕಣ್ಣಲ್ಲಿ ಎರಡು ಅಂಚು. ಒಂದೊಂದು ಬಳ್ಳಿಗೂ ಒಂದು ಅವಳಿ ಬಳ್ಳಿ ಹುಟ್ಟಿತು. ಟೀ ಲೋಟದ ಕಲೆ ನವಿಲಿನ ಪಕ್ಕದಲ್ಲಿ ಹುಣ್ಣಿಮೆ ಚಂದ್ರನಾಯಿತು. ಸೆಂಟರ್ ಲೈನಿನ ತುಂಡುಗಳೆಲ್ಲ ಪ್ರಭಾವಳಿಯ ನಟ್ಟನಡುವೆ ಸಾಲು ತೂತುಗಳಾಗಿ ನಿಂತವು.

"ಅದು ಸೆಂಟರ್ ಲೈನ್ ಕಣಪ್ಪಾ! ಕಟ್ ಮಾಡೋದಲ್ಲ!"

"ಮಿಷಿನ್‌ಗೇನು ಗೊತ್ತು ಸಾರ್? ಗೆರೆ ಕಂಡ್ರೆ ಕಟ್ ಮಾಡತ್ತೆ."

"ಹಂಗಾದ್ರೆ ಅಪ್ರೆಂಟಿಸ್ ಅನ್ನು."

ಅಲ್ಲಿಂದ ಮುಂದೆ ಮಿಷಿನ್ನಿನ ಮೇಲೆ ಸಾರ್‌ಗೆ ಸಿಟ್ಟೇ ಉಳಿಯಲಿಲ್ಲ. ಜನ ಅವರನ್ನು ಕಂಪ್ಯೂಟರ್ ವಿರೋಧಿ ಎನ್ನುತ್ತಾರೆ, ಅದು ಸುಳ್ಳು. ಹೊಸದಾಗಿ ಡ್ಯೂಟಿಗೆ ಸೇರಿದವನು ತಮ್ಮ ಕೈಕೆಳಗೆ ಒಂದಷ್ಟು ದಿನ ಬೈಗುಳ ತಿನ್ನಬೇಕು, ಅವರ ಬೇಡಿಕೆ ಅಷ್ಟೇ.

ಹುಡುಗ ಫೋಟೋದ ಮೇಲೆ ಒಂದೊಂದೇ ಬಾಗನ್ನು ಮೌಸಿನಿಂದ ತಿದ್ದುತ್ತ ಕೂತ. ಆಟೋ ಟ್ರೇಸ್ ಒಂದು ಎಲೆಗೆ ನೂರಾರು ಚುಕ್ಕಿ ಸುರಿದಿತ್ತು. ಹಾಗೇ ಬಿಟ್ಟರೆ ಕಟರ್ ತಡವರಿಸಿಕೊಂಡು ಹೋಗಿ ಅಂಚು ತರಿತರಿಯಾಗುತ್ತದೆ. ನಾಲ್ಕಾರು ಚುಕ್ಕಿಗೆ ಇಳಿಸಿದಾಗ ಎಲೆ ಎಲೆಯಾಯಿತು. ಸಾರ್ ಹಿಂದೆ ನಿಂತು "ಇಲ್ಲಿ, ಇಲ್ಲಿ" ಎಂದು ಪೆನ್ಸಿಲಿನಿಂದ ತಿವಿದದ್ದಕ್ಕೆ ಮಾನಿಟರಿನ ಮೇಲೆಲ್ಲ ಟೂ ಎಚ್ ಗೀರು.

"ಬಿಟ್ ಎಷ್ಟು?"

"ಆರು ಎಂಎಂ ಸಾರ್."

"ಗೆರೆಯ ಯಾವ ಪಕ್ಕ ಹೋಗತ್ತೆ?"

"ಗೆರೆ ಮೇಲೇ."

ಸಾರ್ ಒಂದು ಚೀಟಿಯಲ್ಲಿ ಲೆಕ್ಕ ಬರೆದುಕೊಟ್ಟರು. ಜಾಲರಿಯ ಪಟ್ಟಿ ಎಂಟು ಎಂಎಂ. ಆ ಕಡೆ ಮೂರು, ಈ ಕಡೆ ಮೂರು ತಿಂದರೆ ಉಳಿಯುವುದು ಎರಡು. ಹುಡುಗ ಮಾತಿಲ್ಲದೆ ಆಫ್‌ಸೆಟ್ ಹಾಕಿದ. ಎಲೆಯಾಕಾರದ ತೂತಿನ ಚೂಪು ಮೂಲೆಗೆ ದುಂಡನೆಯ ಬಿಟ್ ಹೋಗುವುದಿಲ್ಲ, ತುದಿ ಮೊಂಡಾಗುತ್ತದೆ ಎಂದು ಅವನು ಹೆದರುತ್ತ ಹೇಳಿದರೆ, ಹಾಳೆಯ ಅಂಚಿನಲ್ಲಿ "ಆರ್ 3" ಎಂದು ಮೊದಲೇ ಬರೆದಿತ್ತು.

ಎಂಟಡಿ-ನಾಲ್ಕಡಿ ಪ್ಲೈವುಡ್ಡಿನ ಮೇಲೆ ಮಿಷಿನ್ನು ಕಿರುಗುಟ್ಟುತ್ತ ಧೂಳೆಬ್ಬಿಸುವಾಗ ಇಬ್ಬರೂ ಪಾನಿಪೂರಿಗೆ ಹೋದರು. ಬಂಗಾರಪೇಟೆಯ ಪಾನಿ ತಿಳಿಯಾಗಿರುತ್ತದೆ. ಸಾರ್ ಅದನ್ನು ಬೆಳಕಿಗೆ ಹಿಡಿದು, "ಟ್ರೇಸಿಂಗ್ ಪೇಪರ್ ಕ್ವಾಲಿಟಿ" ಎಂದು ಸರ್ಟಿಫಿಕೇಟ್ ಕೊಟ್ಟರು.

ವಾಪಸ್ ಬಂದು ಜೇಬಿನಿಂದ ವರ್ನಿಯರ್ ತೆಗೆದು ಎಲ್ಲ ಕಡೆ ಅಳೆದರು. ಸರಿಯಾಗಿತ್ತು. ಇನ್ನೊಮ್ಮೆ ಅಳೆದರು. ಆಗಲೂ ಸರಿಯಾಗಿದ್ದದ್ದು ಕಂಡು ಸ್ವಲ್ಪ ಬೇಜಾರಾದಂತಿತ್ತು. ಆಗ ಬಿಲ್ಲು ಬಂತು.

"ಡಿಜಿಟೈಸಿಂಗ್ ಚಾರ್ಜ್ ಪೂರ್ತಿ ಹಾಕಿದ್ದೀಯಲ್ಲ ತಂಬಿ? ನಾನು ತಂದಿದ್ದು ಅರ್ಧ. ಇನ್ನರ್ಧ ನಿನ್ನ ಮಿಷಿನ್ನೇ ಮಿರರ್ ಮಾಡ್ಕೊಳ್ತು."

ಹುಡುಗ ಮುಗ್ಧವಾಗಿ ಕೇಳಿದ: "ಹಂಗಾದ್ರೆ ಸಾರ್, ಬಲಗಡೆದು ಇಲ್ಲೇ ಬಿಟ್ಟು ಹೋಗ್ತೀರಾ, ಎಡಗಡೆದಾ?"