ಇಂಥಾದ್ದು ನಮ್ಮೂರಾಗೂ ಐತಿ

ನಮ್ಮ ಮಾವ ಬೆರಗಾದದ್ದನ್ನು ನಾನು ಕಂಡಿಲ್ಲ. ವಿಜಯಪುರದ ಗೋಳಗುಮ್ಮಟವನ್ನು ಏದುಸಿರು ಬಿಡುತ್ತ ಹತ್ತಿ, ತಮ್ಮ ಕೆಮ್ಮು ತಮಗೇ ಏಳು ಸಲ ಕೇಳಿಸಿದ ಮೇಲೆ, "ನಮ್ಮೂರ ಹಗೇವಿನಾಗ ಇಳದು ಒದರಿದ್ರೂ ಹಿಂಗ ಕೇಳಸ್ತೈತಿ" ಎಂದವರು ಅವರು. ಇಂಥವರು ಊರಿಗೊಬ್ಬರು ಇರುತ್ತಾರೆ. ಜಗತ್ತಿನಲ್ಲಿ ಏನೇ ಇರಲಿ, ಅದರದೊಂದು ಪ್ರತಿ ಅವರ ಊರಲ್ಲಿ ಇದ್ದೇ ಇರುತ್ತದೆ, ಅದೂ ಸ್ವಲ್ಪ ದೊಡ್ಡದು.

ಮೊಮ್ಮಗನ ಅಡ್ಮಿಷನ್ ಕೆಲಸಕ್ಕೆಂದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಹೋಗಿದ್ದೆವು. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯ ತಂಪಾಗಿರುತ್ತದೆಂದು ಒಳಗೆ ಕರೆದುಕೊಂಡು ಹೋದೆ. 1939ರಲ್ಲಿ ಮುಂಬಯಿ ಸರಕಾರ ಇದ್ದಾಗ ಹುಟ್ಟಿ, ಆಮೇಲೆ ವಿಶ್ವವಿದ್ಯಾಲಯದ ಮಡಿಲಿಗೆ ಬಂದ ಸಂಸ್ಥೆ ಎಂದು ವಿವರಿಸತೊಡಗಿದೆ. ಮಾವ ಆಗಲೇ ಚಪ್ಪಲಿ ಬಾಗಿಲ ಹೊರಗೆ ಬಿಟ್ಟು, ಟೊಪ್ಪಿಗೆ ಸರಿಮಾಡಿಕೊಂಡು, ಮೊದಲ ಮೂರ್ತಿಗೆ ಕೈ ಮುಗಿಯುತ್ತಿದ್ದರು. ಅದರ ಮೂಗು ಮುಕ್ಕಾಗಿತ್ತು. ಮುಗಿದ ಕೈಯನ್ನು ಅರ್ಧಕ್ಕೇ ಇಳಿಸಿದರು. "ಭಿನ್ನ ಆಗೇತಿ. ಪೂಜಿಗೆ ಬರಂಗಿಲ್ಲ. ಅದಕ್ಕ ಇಲ್ಲಿ ತಂದಿಟ್ಟಾರ."

ಮುಂದಿನದು ಮುಕ್ಕೊಡೆಯ ಕೆಳಗೆ ಧ್ಯಾನಕ್ಕೆ ಕುಳಿತ ತೀರ್ಥಂಕರ. "ನಮ್ಮ ಹಳ್ಳದ ದಂಡಿಗೆ ಒಬ್ಬಾಂವ ಕುಂತಾನ. ಮಳಿ ಹೋತಂದ್ರ ಅವಂಗ ಕೊಡಗಟ್ಟಲೆ ನೀರು ಹಾಕ್ತೀವಿ." ಫಲಕ ಓದುವ ಪ್ರಶ್ನೆಯೇ ಇಲ್ಲ. ಫಲಕವೆಂಬುದು ಅಂಥದ್ದು ಊರಲ್ಲಿ ಇಲ್ಲದವರಿಗೆ.

ತಾಮ್ರಪಟದ ಮುಂದೆ ಮಾತ್ರ ಸ್ವಲ್ಪ ಹೊತ್ತು ನಿಂತರು. ಮೂರು ಹಾಳೆ, ಒಂದು ಬಳೆ, ಬಳೆಗೆ ಮುದ್ರೆ. ಅಕ್ಷರ ಸವೆಯದಿರಲೆಂದು ಹಾಳೆಯ ಅಂಚನ್ನು ದಪ್ಪ ಬಿಡುತ್ತಿದ್ದರು ಎಂದೆ. ರಾಜ ಭೂಮಿ ದಾನ ಕೊಟ್ಟ ದಾಖಲೆ, ಮೂಡಣಕ್ಕೆ ಯಾವ ಹಳ್ಳ, ಪಡುವಣಕ್ಕೆ ಯಾವ ಮರ ಎಂದು ಎಲ್ಲೆ ಸಹಿತ ಇಂಥವುಗಳಲ್ಲಿ ಬರೆದಿರುತ್ತಾರೆ ಎಂದೆ.

"ಅಂದ್ರ ಉತಾರ!" ಎಂದರು ಮಾವ.

ಹೌದು, ಉತಾರವೇ. ಕೊನೆಯಲ್ಲಿ ಶಾಪವೂ ಇರುತ್ತದೆ, ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂದು ಹೇಳಿದ್ದೇ ತಡ, ಅವರ ಮುಖ ಅರಳಿತು. ಬದು ಒತ್ತಿದ ಪಕ್ಕದ ಹೊಲದವನ ಮೇಲೆ ಹನ್ನೊಂದು ವರ್ಷದಿಂದ ಕೋರ್ಟಿಗೆ ಅಲೆಯುತ್ತಿರುವ ಮನುಷ್ಯ. "ಈಗಿನ ಉತಾರದಾಗ ಇದನ್ನ ಯಾಕ ತಗದಾರು?" ಅಲ್ಲಿದ್ದ ಸಿಬ್ಬಂದಿಯನ್ನೇ ಕೇಳಿದರು. ಆತ ಈ ಮ್ಯೂಸಿಯಮ್ಮಿಗೆ ಹಿಂದೆಂದೂ ಬಾರದ ಪ್ರಶ್ನೆಯಿಂದ ತಬ್ಬಿಬ್ಬಾಗಿ, ಫ್ಯಾನು ಹಾಕಿದ.

ಆಮೇಲೆ ವೀರಗಲ್ಲು. ಕೆಳಗಿನ ಹಂತದಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೊರಟಿದ್ದಾರೆ, ಮೇಲೆ ಲಿಂಗದ ಮುಂದೆ ಕೈಲಾಸದಲ್ಲಿ ಕುಳಿತಿದ್ದಾನೆ, ನೆತ್ತಿಗೆ ಸೂರ್ಯ ಚಂದ್ರ. ಊರ ದನ ಹೊಡೆದುಕೊಂಡು ಹೋದವರ ಬೆನ್ನಟ್ಟಿ ಸತ್ತವರಿಗೂ ಹೀಗೆ ಕಲ್ಲು ನಿಲ್ಲಿಸುತ್ತಿದ್ದರು. ಮನುಷ್ಯರೇಕೆ, 949ರ ಆತಕೂರು ಶಾಸನದಲ್ಲಿ ಕಾಡುಹಂದಿಯೊಡನೆ ಕಾದು ಸತ್ತ ಕಾಳಿ ಎಂಬ ನಾಯಿಯ ಕಥೆಯಿದೆ, ಆ ಕಲ್ಲು ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ ಎಂದೆ.

ನಾಯಿಯ ಸುದ್ದಿ ಮಾವನ ಕಿವಿಗೆ ಬೀಳಲಿಲ್ಲ. ಬೆರಳ ಗೆಣ್ಣಿನಿಂದ ಕಲ್ಲನ್ನು ಟಣ್ ಎನ್ನಿಸಿದರು. ಗೇಣು ಹಾಕಿ ಅಗಲ ಅಳೆದರು. ಕೂತು ಬುಡ ನೋಡಿದರು. ಸಿಬ್ಬಂದಿ "ಅಜ್ಜಾರ, ಮುಟ್ಟಬ್ಯಾಡ್ರಿ" ಎಂದ.

"ತಮ್ಮಾ, ಇದು ನಮ್ಮ ಹಿತ್ತಲದಾಗ ಐತಿ. ಇದಕ್ಕಿಂತ ಒಂದು ಗೇಣು ಅಗಲ. ನಿಮ್ಮತ್ತಿ ಅದರ ಮ್ಯಾಲೆ ಅರಿವಿ ಒಗೀತಾಳ."

ಸಿಬ್ಬಂದಿ ನನ್ನ ಮುಖ ನೋಡಿದ. ಆ ಕಲ್ಲಿನ ಮೇಲೆ ನನ್ನ ಅಂಗಿಗಳೂ ಶುಭ್ರವಾಗಿವೆ. ಆದರೆ ಅದರ ಮೇಲೆ ಕೆತ್ತನೆ ಕಂಡದ್ದಿಲ್ಲ ಎಂದೆ.

"ಹೆಂಗ ಕಾಣಬೇಕು? ಚಿತ್ರ ಇದ್ದ ಬದಿ ಕೆಳಗ ಮಾಡೇವಿ. ಇಲ್ಲಂದ್ರ ಅರಿವಿ ಹರೀತಾವಲ್ಲ!"

ಹಾಗೆ ಹೇಳಿದವರು ಯಾಕೋ ಸುಮ್ಮನಾದರು. ಲಿಂಗದ ಮುಂದೆ ಕುಳಿತ ಆ ಗುಬ್ಬಿಗಾತ್ರದ ವೀರನನ್ನು ಎರಡು ನಿಮಿಷ ನೋಡಿದರು. ಮ್ಯೂಸಿಯಮ್ಮಿನಲ್ಲಿ ಅವರು ಬಾಯಿ ಮುಚ್ಚಿದ್ದು ಅಷ್ಟೇ ಹೊತ್ತು. ಫಲಕ ಓದು ಎಂದು ನನಗೆ ಹೇಳಿದ್ದೂ ಅದೊಂದೇ ಸಲ. ಓದಿದೆ. ಕಲ್ಲು ಸಿಕ್ಕಿದ ಊರು ಹಳ್ಳದ ಆಚೆಯದು, ಜಾತ್ರೆಯ ಕುಸ್ತಿಯಲ್ಲಿ ನಮ್ಮವರಿಗೆ ವರ್ಷವೂ ಮಣ್ಣು ಮುಕ್ಕಿಸುವ ಊರು.

ಮಾವ ಅಲ್ಲಿಯೇ ಫೋನು ತೆಗೆದರು. ಅವರ ಫೋನಿಗೆ ಸ್ಪೀಕರ್ ಬಿಟ್ಟು ಬೇರೆ ದನಿಯಿಲ್ಲ.

"ಏ, ಇವತ್ತಿನಿಂದ ಆ ಕಲ್ಲಿನ ಮ್ಯಾಲೆ ಅರಿವಿ ಒಗೀಬ್ಯಾಡ. ಆಳು ಕರಸಿ ಹೊಳ್ಳಿಸಿ ನಿಲ್ಲಿಸೋಣು. ಅದು ವೀರಗಲ್ಲು. ಯೂನಿವರ್ಸಿಟಿಯಾಗ ಇಟ್ಟಾರ ಇಂಥಾದ್ದು!"

ಅತ್ತೆಯ ದನಿ ಆ ತಂಪು ಕೋಣೆಯ ಸಮಸ್ತ ದೇವಾನುದೇವತೆಗಳಿಗೆ ಕೇಳುವಂತೆ ಬಂತು: "ಆತು ತಗೋರಿ, ಬ್ಯಾಡಂದ್ರ ಬ್ಯಾಡ. ಹಂಗಾರ ಬರೂಮುಂದ ಅಲ್ಲಿಂದ ನನಗೊಂದು ಚಲೋ ಸಪಾಟ ಕಲ್ಲು ಇಸಕೊಂಡು ಬರ್ರಿ."