ಹಿಮ್ಮಡಿಗೂ ಸೈ, ದೋಸೆಗೂ ಸೈ

ಉತ್ತರ ಕನ್ನಡದ ಹಳೆಯ ಮನೆಗಳಲ್ಲಿ ಮುರುಗಲು ತುಪ್ಪದ ಉಂಡೆ ಎಲ್ಲಿದೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ದಿಕ್ಕು ತೋರಿಸುತ್ತಾರೆ. ಅಜ್ಜಿಯ ಲೆಕ್ಕದಲ್ಲಿ ಅದರ ಜಾಗ ಅಡುಗೆಮನೆಯ ನಾಗಂದಿಗೆ. ಅಜ್ಜನಿಗೋ ಅದು ತಲೆದಿಂಬಿನ ಪಕ್ಕವೇ ಇರಬೇಕು. ಕೊನೆಗೆ ಸೊಸೆ ಹುಡುಕಿ ತೆಗೆಯುವುದು ಬಚ್ಚಲಿನ ಗೂಡಿನಿಂದ. ಪೇಟೆಯಿಂದ ಬಂದ ನೆಂಟರು ಅದನ್ನೇ ಸೋಪೆಂದು ಮೈಗೆ ತಿಕ್ಕಿಕೊಂಡು, ನೊರೆಯೇ ಬರಲಿಲ್ಲವಲ್ಲ ಎಂದು ಕೊರಗುವುದೂ ಉಂಟು.

ಕರಾವಳಿಯವರು ಪುನರ್ಪುಳಿ ಎನ್ನುವ ಹಣ್ಣೇ ಈ ಮುರುಗಲು. ಬೇಸಿಗೆಯಲ್ಲಿ ಸಿಪ್ಪೆ ಶರಬತ್ತಿಗೂ ಸಾರಿಗೂ ಹೋದ ಮೇಲೆ ಬೀಜ ಉಳಿಯುತ್ತದೆ. ಅದನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ. ತೆಗೆದು ಆರಿಸಿ ಉಂಡೆ ಕಟ್ಟಿದರಾಯಿತು.

ಕರಗಲು ಅದಕ್ಕೆ ಸುಮಾರು 40 ಡಿಗ್ರಿ ಸೆಲ್ಸಿಯಸ್ ಬೇಕು, ಮೈಬಿಸಿಗಿಂತ ತುಸು ಹೆಚ್ಚು. ಟ್ಯೂಬಿನ ಕ್ರೀಮಿನ ವಿನಯ ಇದಕ್ಕಿಲ್ಲ. ಹಾಗಾಗಿ ಚಳಿಗಾಲದ ರಾತ್ರಿ ದೀಪ, ಚಮಚ, ಒಡೆದ ಹಿಮ್ಮಡಿ ಎಲ್ಲ ಒಂದೆಡೆ ಸೇರುತ್ತವೆ. ಬಿಸಿ ಜಾಸ್ತಿಯಾದರೆ ಅಜ್ಜನ ಕೂಗು ತೋಟದಾಚೆಗೂ ಕೇಳಿಸುತ್ತದೆ. ಹದ ಸಿಕ್ಕರೆ ನಾಲ್ಕು ಹನಿ ಬಿರುಕಿಗಿಳಿದು ಅಲ್ಲೇ ಗಟ್ಟಿಯಾಗುತ್ತವೆ. ಒಂದೇ ತೊಂದರೆ: ಸಕ್ಕರೆ ಕಾಯಿಲೆಯ ಅಜ್ಜ ನಡುರಾತ್ರಿ ಬೆಲ್ಲದ ಡಬ್ಬಿಯತ್ತ ಹೋಗಿಬಂದ ದಾರಿ ಬೆಳಿಗ್ಗೆ ಕೆಂಪು ಗಾರೆಯ ನೆಲದ ಮೇಲೆ ಮಿರಮಿರ ಮಿಂಚುತ್ತದೆ. (ಅಂಥವರ ಕಾಲಿನ ಬಿರುಕನ್ನು ವೈದ್ಯರಿಗೇ ತೋರಿಸಬೇಕು, ಉಂಡೆಯನ್ನು ನಂಬಿ ಕೂರುವಂತಿಲ್ಲ.)

ಇದರಲ್ಲಿ ಪವಾಡವೇನಿಲ್ಲ. ಸ್ಟಿಯರಿಕ್, ಓಲಿಕ್ ಆಮ್ಲಗಳು ಹೇರಳವಾಗಿರುವ ಈ ಕೊಬ್ಬು ಚರ್ಮದ ತೇವ ಆರಿಹೋಗದಂತೆ ಮುಚ್ಚಳ ಹಾಕುತ್ತದೆ, ರಿಪೇರಿ ಕೆಲಸ ಚರ್ಮವೇ ಮಾಡಿಕೊಳ್ಳುತ್ತದೆ. ಮಿಂದ ಕೂಡಲೇ, ಪಸೆ ಆರುವ ಮೊದಲು ಹಚ್ಚಿದರೆ ಲಾಭ ಹೆಚ್ಚು. ತುಟಿ, ಮೊಣಕೈ, ಅಡಿಕೆ ಸುಲಿದು ಚೊಗರು ಹತ್ತಿದ ಬೆರಳು, ಎಲ್ಲಕ್ಕೂ ಅದೇ ಉಂಡೆ. ಸಿಕ್ಕಿಕೊಂಡ ಉಂಗುರ ಜಾರಿಸಲೂ ಆದೀತು.

ಇಷ್ಟೆಲ್ಲ ಆದಮೇಲೂ ಅಜ್ಜಿ ಅದನ್ನು ದೋಸೆ ಕಾವಲಿಗೆ ಸವರುತ್ತಾಳೆ. ಮೊಮ್ಮಕ್ಕಳು ಮುಖ ಸಿಂಡರಿಸಬೇಕಾಗಿಲ್ಲ. ಹಿಮ್ಮಡಿಯ ಉಂಡೆ ಬೇರೆ, ಕಾವಲಿಯ ಉಂಡೆ ಬೇರೆ ಎಂದು ಅವಳು ಆಣೆ ಮಾಡಿ ಹೇಳುತ್ತಾಳೆ. ಇತ್ತ ಪೇಟೆಯ ಲಿಪ್ ಬಾಮ್ ಡಬ್ಬಿಗಳ ಮೇಲೆ ಇದೇ ಕೊಬ್ಬು ‘ಕೋಕಂ ಬಟರ್’ ಆಗಿ ಠೀವಿಯಿಂದ ಕುಳಿತಿದೆ. ಐರೋಪ್ಯ ಒಕ್ಕೂಟವಂತೂ 2000ನೇ ಇಸವಿಯ ತನ್ನ ಚಾಕೊಲೇಟ್ ನಿಯಮದಲ್ಲಿ, ಕೋಕೋ ಬೆಣ್ಣೆಯ ಜೊತೆಗೆ ಶೇಕಡಾ 5ರವರೆಗೆ ಬೆರೆಸಬಹುದಾದ ಆರು ಸಸ್ಯಕೊಬ್ಬುಗಳನ್ನು ಹೆಸರಿಸಿದೆ. ಅವುಗಳಲ್ಲಿ ಮುರುಗಲೂ ಒಂದು. ಅಜ್ಜನ ಹಿಮ್ಮಡಿಯನ್ನು ಹತ್ತಿರದಿಂದ ಕಂಡವರು ವಿದೇಶಿ ಚಾಕೊಲೇಟಿನ ಹೊದಿಕೆಯನ್ನು ಒಮ್ಮೆ ತಿರುಗಿಸಿ ಓದಿಯೇ ಬಾಯಿಗಿಡುತ್ತಾರೆ.